ಗೊಂಚಲಲ್ಲಿ ಉಳಿದ ಒಂದು ದ್ರಾಕ್ಷಿ

ನನ್ನ ಮೈದುನನಿಗೆ ಮನೆಯಲ್ಲಿರುವ ಹೆಸರು 'ಆಮೇಲೆ'. ಇಟ್ಟವಳು ನಾನೇ. ಮದುವೆಯಾಗಿ ಬಂದ ಹೊಸತರಲ್ಲಿ ಅವನಿಗೆ ಯಾವ ಕೆಲಸ ಹೇಳಿದರೂ ಅದೊಂದೇ ಉತ್ತರ. ನಲ್ಲಿ ಸೋರುತ್ತಿದೆ ನೋಡಪ್ಪ ಅಂದರೆ ಆಮೇಲೆ. ಹಾಸಿಗೆ ಮಡಿಸು ಅಂದರೆ, "ಆಮೇಲೆ ಅತ್ತಿಗೆ, ಹೇಗೂ ರಾತ್ರಿ ಮತ್ತೆ ಬಿಡಿಸಬೇಕಲ್ಲ." ನಮ್ಮತ್ತೆ ತಲೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದರು. ನಾನು ಸುಮ್ಮನಾಗುವ ಪೈಕಿಯಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವನಿಗೆ ಬಡಿಸದೆ "ಆಮೇಲೆ" ಅಂದೆ. ಅವನು ಬೇಜಾರು ಮಾಡಿಕೊಳ್ಳಬೇಕಿತ್ತು. "ಸರಿ, ಹಸಿವಾದಾಗ ಕೇಳ್ತೀನಿ" ಅಂತ ಎದ್ದೇಹೋದ. ಹೆಸರು ಮಾತ್ರ ಅಂಟಿಕೊಂಡಿತು. ಈಗ ಅವನ ತಲೆ ನೆರೆತಿದೆ, ಹೆಸರು ಹಾಗೇ ಇದೆ.

ಮದುವೆಯನ್ನೂ ಆಮೇಲೆ ಅಂದುಕೊಂಡೇ ಉಳಿದುಬಿಟ್ಟ. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆ ಅವನದು. ಈ ಮನೆಗೆ ಬಂದು ವರ್ಷಗಳೇ ಆದವು, ಅವನ ಪೆಟ್ಟಿಗೆಗಳು ಇನ್ನೂ ಗೋಡೆಗೆ ಒರಗಿಕೊಂಡೇ ಇವೆ. ಉಗುರು ಕತ್ತರಿ ಬೇಕಾದರೆ ದೊಡ್ಡ ಪೆಟ್ಟಿಗೆ ತೆರೆದು, ಅದರೊಳಗಿನ ಚಿಕ್ಕ ಪೆಟ್ಟಿಗೆ ತೆರೆದು, ಅದರೊಳಗಿನ ಡಬ್ಬಿ ತೆರೆದು, ಕತ್ತರಿಯೊಂದನ್ನೇ ತೆಗೆದು ಮಿಕ್ಕಿದ್ದನ್ನು ಹಾಗೆಯೇ ಮುಚ್ಚುತ್ತಾನೆ. ಒಂದು ಭಾನುವಾರ ನಾನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲ ಬಿಚ್ಚಿ ಜೋಡಿಸಲು ಹೋದೆ. ಬಾಗಿಲಿಗೆ ಅಡ್ಡ ನಿಂತ. "ಬೇಕಾಗದೆ ಇರೋದನ್ನ ಯಾಕೆ ಬಿಚ್ಚಬೇಕು ಅತ್ತಿಗೆ? ಅದರಲ್ಲಿ ಅರ್ಧ ಬೇಕಾಗೋದೇ ಇಲ್ಲ." ಬೇಡವಾದದ್ದನ್ನು ಎಸೆಯಬಹುದಲ್ಲ ಅಂದೆ. ಯಾವುದು ಬೇಡ ಅಂತ ಈಗಲೇ ಹೇಗೆ ಹೇಳಲಿ ಅಂದ. ಇವನ ಜೊತೆ ವಾದ ಮಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ, ಅಷ್ಟೆ.

ಇನ್ನೊಂದು ಅಭ್ಯಾಸ, ನಡುವೆ ನಿಲ್ಲಿಸುವುದು. ಗಡ್ಡ ಹೆರೆಯುತ್ತಿರುವಾಗ ಕರೆದರೆ ಸಾಕು, ಅರ್ಧ ಕೆನ್ನೆಗೆ ನೊರೆ ಇಟ್ಟುಕೊಂಡೇ ಬರುತ್ತಾನೆ. ಬರುವ ಮೊದಲು ಕನ್ನಡಿಗೆ ಒಂದು ಚೀಟಿ ಅಂಟಿಸಿರುತ್ತಾನೆ: ಎಡಗೆನ್ನೆ ಬಾಕಿ, ಕಿವಿಯ ಕೆಳಗಿನಿಂದ ಶುರು ಮಾಡು. ಓದುವ ಪುಸ್ತಕಗಳಲ್ಲಿ ಚೀಟಿ, ರೇಡಿಯೊ ಬಿಚ್ಚಿಟ್ಟ ಮೇಜಿನ ಮೇಲೆ ಚೀಟಿ. ಎಲ್ಲಿ ಬಿಟ್ಟೆ, ಮುಂದೇನು, ಇಷ್ಟೇ ಬರೆದಿರುತ್ತದೆ. ಚೀಟಿ ಇದ್ದರೆ ವಾರ ಬಿಟ್ಟು ಬಂದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಯಜಮಾನರು, ಅಂದರೆ ಅವನ ಅಣ್ಣ, ಇದನ್ನೆಲ್ಲ ನೋಡಿ ನಗುತ್ತಾರೆ. ಗುಡಿಸುವವಳು ನಾನು, ನನಗೆ ನಗು ಬರುವುದಿಲ್ಲ.

ಹಾಗಂತ ಕೈಲಾಗದವನು ಅಂದುಕೊಳ್ಳಬೇಡಿ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಅವನ ವೃತ್ತಿ, ಅದರಲ್ಲಿ ಪಳಗಿದ ಕೈ. ಅವನು ಬರೆಯುವ ಭಾಷೆಯೂ ಅವನಂಥದ್ದೇ. ಬೇರೆ ಭಾಷೆಗಳಲ್ಲಿ ಒಂದು ಲೆಕ್ಕ ಬರೆದರೆ ಕಂಪ್ಯೂಟರ್ ತಕ್ಷಣ ಹಾಕಿಬಿಡುತ್ತದಂತೆ. ಇವನ ಭಾಷೆ ಲೆಕ್ಕವನ್ನು ಮುಚ್ಚಿದ ಪೆಟ್ಟಿಗೆಯ ಹಾಗೆ ಪಕ್ಕಕ್ಕಿಟ್ಟುಕೊಂಡು, ಯಾರಾದರೂ ಉತ್ತರ ಕೇಳಿದಾಗ ಮಾತ್ರ ಬಿಚ್ಚುತ್ತದಂತೆ. ಅದೂ ಕೇಳಿದಷ್ಟೇ. ಸರಿಯಾದ ಜೋಡಿ ಅಂದೆ ನಾನು.

ನನ್ನ ಕೆಲಸ ಕಣ್ಣು ಕಾಣದವರಿಗಾಗಿ ಇರುವ ಮಾತಿನ ಪುಸ್ತಕಗಳ ಲೈಬ್ರರಿಯಲ್ಲಿ. ಹಳೆಯ ಕಟ್ಟಡ, ಕೆಳಗೆ ಎರವಲು ಕೊಡುವ ಕೌಂಟರ್, ಮೇಲೆ ಕಂಬಳಿ ಹೊದಿಸಿದ ಗೋಡೆಗಳ ಪುಟ್ಟ ಧ್ವನಿಮುದ್ರಣ ಕೋಣೆ. ಕೌಂಟರ್ ನನ್ನದು. ಚಿಕ್ಕ ವಯಸ್ಸಿನಲ್ಲಿ ಮೇಲಿನ ಕೋಣೆಯಲ್ಲಿ ಧ್ವನಿಮುದ್ರಣದ ಗುಂಡಿ ಒತ್ತುವ ಕೆಲಸವೂ ನನ್ನದೇ ಆಗಿತ್ತು. ಊರಿನ ಜನ ಬಿಡುವು ಮಾಡಿಕೊಂಡು ಬಂದು ಪುಸ್ತಕ ಓದಿ ಹೋಗುತ್ತಿದ್ದರು, ನಾನು ಕ್ಯಾಸೆಟ್ ಓಡಿಸುತ್ತಿದ್ದೆ. ಕಪಾಟು ಕಪಾಟು ಕ್ಯಾಸೆಟ್ ಸೇರಿ, ಕೊನೆಗೆ ಮನುಷ್ಯರು ಕೂರಲು ಜಾಗವಿಲ್ಲ ಅನ್ನುವ ಹಾಗಾಯಿತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕೋಣ ಅಂತ ಸಮಿತಿಯವರು ತೀರ್ಮಾನಿಸಿದರು.

ಕ್ಯಾಸೆಟ್ ಇದ್ದ ಹಾಗೆಯೇ ನಕಲು ಮಾಡುವುದು ಮೊದಲ ಹಂತ. ಪುಸ್ತಕ, ಅದರಲ್ಲಿ ಕ್ಯಾಸೆಟ್‌ಗಳು, ಕ್ಯಾಸೆಟ್ಟಿಗೆ ಎರಡು ಮಗ್ಗುಲು, ಮಗ್ಗುಲಲ್ಲಿ ಮಾತಿನ ತುಣುಕುಗಳು. ಆದರೆ ಕೇಳುವವರಿಗೆ ಮಗ್ಗುಲು ಕಟ್ಟಿಕೊಂಡು ಏನಾಗಬೇಕು, ಅವರಿಗೆ ಅಧ್ಯಾಯ ಬೇಕು. ಹಾಗಾಗಿ ಅದೇ ತುಣುಕುಗಳನ್ನು ಭಾಗ, ಅಧ್ಯಾಯ ಅಂತ ಹೊಸದಾಗಿ ಜೋಡಿಸಲು ಒಬ್ಬ ನಿವೃತ್ತ ಮೇಷ್ಟ್ರು ಬಂದು ಕೂತರು. ಬಲು ಶಿಸ್ತಿನ ಮನುಷ್ಯ, ಪೆನ್ಸಿಲ್ ಕೂಡ ಉದ್ದದ ಪ್ರಕಾರ ಜೋಡಿಸಿಡುವವರು. ಎಷ್ಟೇ ಶಿಸ್ತಿದ್ದರೂ ಕೈತಪ್ಪಿ ಒಂದು ತುಣುಕು ಬಿಟ್ಟುಹೋಗಬಹುದು, ಹಿಂದುಮುಂದಾಗಬಹುದು. ಹಳೆಯ ಜೋಡಣೆ, ಹೊಸ ಜೋಡಣೆ ಎರಡರಲ್ಲೂ ಅವೇ ತುಣುಕುಗಳು ಅದೇ ಸಾಲಿನಲ್ಲಿವೆಯೇ ಅಂತ ನೋಡುವ ಪ್ರೋಗ್ರಾಂ ಬೇಕಿತ್ತು. ಬೇರೆ ಯಾರೋ ಬರೆದುಕೊಟ್ಟದ್ದು ಎರಡೂ ಕಡೆಯ ತುಣುಕುಗಳನ್ನೆಲ್ಲ ಮೊದಲು ಉದ್ದಕ್ಕೆ ಹರಡಿಕೊಂಡು, ಆಮೇಲೆ ಹೋಲಿಸಲು ಕೂರುತ್ತಿತ್ತು. ನಮ್ಮ ಮುದಿ ಕಂಪ್ಯೂಟರ್ ಹರಡುವಷ್ಟರಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ನಾನು ಮೈದುನನ ಹೆಸರು ಹೇಳಿದೆ.

ಅವನು ಬಂದು ನೋಡಿದವನೇ ಇವು ಎರಡು ಮರ ಅಂದ. ಪುಸ್ತಕ ಬುಡ, ಕ್ಯಾಸೆಟ್ಟೋ ಅಧ್ಯಾಯವೋ ಕೊಂಬೆ, ತುಣುಕು ಎಲೆ. ಕೊಂಬೆ ಹೇಗಾದರೂ ಕವಲೊಡೆಯಲಿ, ಎಲೆಗಳ ಸಾಲು ಒಂದೇ ಇದ್ದರಾಯಿತು.

ನನಗೆ ತಲೆಬುಡ ತಿಳಿಯಲಿಲ್ಲ. ಅವತ್ತು ಸಂಜೆ ಊಟದ ಮೇಜಿನ ಮೇಲೆ ದ್ರಾಕ್ಷಿ ಇತ್ತು. ಒಂದು ಗೊಂಚಲು ನನ್ನ ಕೈಗೆ ಕೊಟ್ಟು, ಒಂದು ತಾನು ಹಿಡಿದುಕೊಂಡ.

"ಎರಡರ ಕವಲೂ ಬೇರೆ ಬೇರೆ, ನೋಡಿ. ಎಲ್ಲ ಹಣ್ಣು ಕಿತ್ತು ತಟ್ಟೆಗೆ ಹಾಕ್ಕೊಂಡು ಹೋಲಿಸಬೇಕಾಗಿಲ್ಲ. ನೀವೊಂದು ಕೀಳಿ, ನಾನೊಂದು ಕೀಳ್ತೀನಿ. ಒಳ್ಳೇದಕ್ಕೆ ಒಳ್ಳೇದು ಬಂದರೆ ಮುಂದಕ್ಕೆ. ಒಂದು ಕಡೆ ಕೊಳೆತದ್ದು ಬಂತೋ, ಅಲ್ಲಿಗೆ ಬೇರೆ ಅಂತ ಹೇಳಿ ಎದ್ದುಬಿಡೋಣ. ಮಿಕ್ಕಿದ್ದನ್ನ ಮುಟ್ಟೋದೂ ಬೇಡ."

"ಮುಂದಿನ ಹಣ್ಣು ಎಲ್ಲಿಂದ ಕೀಳಬೇಕು ಅಂತ ಅದಕ್ಕೆ ಹೇಗೆ ನೆನಪಿರತ್ತೆ?"

"ಕೈಯಲ್ಲಿ ಉಳಿದ ಗೊಂಚಲು ಇದೆಯಲ್ಲ, ಅದೇ ನೆನಪು. ಒಂದು ಹಣ್ಣು ಕೊಡುವಾಗ, ಇನ್ನೊಂದು ಬೇಕಾದರೆ ಇಲ್ಲಿಂದ ಹಿಡಿ ಅಂತ ಉಳಿದ ಕೆಲಸವನ್ನೂ ಜೊತೆಗೆ ಕೊಡೋದು. ಪ್ರೋಗ್ರಾಂ ಬರೆಯೋರು ಅದಕ್ಕೆ ಮುಂದುವರಿಕೆ ಅಂತಾರೆ."

"ಕನ್ನಡಿ ಮೇಲಿನ ಚೀಟಿ ಅನ್ನು."

ಅವನ ಮುಖ ಅರಳಿತು. "ಅದೇ ಅತ್ತಿಗೆ, ಅದೇ."

ಕೀಳುತ್ತಾ ಹೋದೆವು. ಒಳ್ಳೆಯದು, ಒಳ್ಳೆಯದು, ಒಳ್ಳೆಯದು. ಅವನ ಗೊಂಚಲು ಬರಿದಾಯಿತು. "ನೋಡಿ, ಎರಡೂ ಒಂದೇ" ಅಂತ ಕೈ ಒರೆಸಿಕೊಂಡು ಮೇಲೆ ಹೋದ. ನನ್ನ ಕೈಯಲ್ಲಿ ಇನ್ನೊಂದು ಹಣ್ಣು ಉಳಿದಿತ್ತು. ಬಾಯಿಗೆ ಹಾಕಿಕೊಂಡೆ.

ಪ್ರೋಗ್ರಾಂ ಸೊಗಸಾಗಿ ನಡೆಯಿತು. ಮೇಷ್ಟ್ರು ಒಂದು ತುಣುಕು ಹಿಂದುಮುಂದು ಮಾಡಿದರೆ ಅಲ್ಲಿಗೇ ನಿಂತು ತೋರಿಸುತ್ತಿತ್ತು, ನಡುವಿನದೊಂದು ಬಿಟ್ಟರೂ ಹಿಡಿಯುತ್ತಿತ್ತು. ಸರಿ ಅಂತ ಬಂದ ಪುಸ್ತಕದ ಮೇಲೆ ಎರಡು ಕೆಲಸ: ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕುವುದು, ಅದು ನನ್ನದು. ಕಂಪ್ಯೂಟರಿನಲ್ಲಿರುವ ಹಳೆಯ ಜೋಡಣೆಯ ನಕಲು ಅಳಿಸುವುದು, ಅದು ಅವನದು. ನಾನು ಅವತ್ತಿನದನ್ನು ಅವತ್ತೇ ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಂಡೆ. ಕಪಾಟುಗಳು ಖಾಲಿಯಾಗಿ ಗೋಡೆ ಕಂಡಾಗ ಎಂಥ ಸಂತೋಷ ಆಯಿತು ಅಂತೀರಿ. ಅವನನ್ನು ಕೇಳಿದರೆ ಎಂದಿನ ಉತ್ತರ. ಸಮಿತಿಯ ಅಧ್ಯಕ್ಷರು ಇದ್ದಾಗಲೇ ಒಂದು ದಿನ ಹಿಡಿದು ಕೇಳಿದೆ.

"ಅಳಿಸಿದೆಯೇನಪ್ಪ?"

"ಅಳಿಸೋಕೆ ಏರ್ಪಾಡು ಮಾಡಿದ್ದೀನಿ. ಹೊಸದಕ್ಕೆ ಜಾಗ ಬೇಕಾದಾಗ, ಬೇಕಾದಷ್ಟು ಮಾತ್ರ, ಹಳೇದರ ಮೊದಲಿಂದ ತಾನೇ ಅಳಿಸ್ಕೊಂಡು ಹೋಗತ್ತೆ."

ಅಧ್ಯಕ್ಷರು ತಲೆಯಾಡಿಸಿದರು. ನಾನು ಮನೆಗೆ ಬಂದು ಉಗಿದೆ. ಕಸ ಗುಡಿಸು ಅಂದರೆ ನೆಂಟರು ಬಂದಾಗ ಅವರು ಕೂರುವಷ್ಟು ಜಾಗ ಗುಡಿಸ್ತೀನಿ ಅಂದ ಹಾಗಾಯಿತು ನಿನ್ನ ಕಥೆ ಅಂದೆ. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟೆಲ್ಲ ಆಗಿ, ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ ಎಕ್ಸ್‌ಚೇಂಜ್ ಅಮ್ಮ ಬಂದರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಹುಟ್ಟಿನಿಂದ ಕಣ್ಣಿಲ್ಲ. ಅರ್ಧ ಊರನ್ನು ದನಿಯಿಂದಲೇ ಗುರುತಿಸುತ್ತಾರೆ. ನಾನು ನೆಗಡಿಯಾದ ದಿನ ಬಾಯಿ ತೆರೆಯುವ ಮೊದಲೇ, ಮೂಗು ಎಳೆದ ಸದ್ದಿಗೇ "ಏನಮ್ಮ, ಹುಷಾರಿಲ್ವಾ" ಅನ್ನುವವರು. ಅವರ ಯಜಮಾನರು ಟೈಲರ್. ತೀರಿಕೊಂಡು ಬಹಳ ಕಾಲವಾಯಿತು. ಅಂಗಡಿಗೆ ರಜೆ ಇರುವ ದಿನ ಬಂದು ನಮ್ಮಲ್ಲಿ ಓದುತ್ತಿದ್ದರು. ಅವರು ಓದಿದ್ದರಲ್ಲಿ ಹಡಗಿನ ಪ್ರಯಾಣದ ಒಂದು ದಪ್ಪ ಕಾದಂಬರಿ ಇದೆ. ಎಕ್ಸ್‌ಚೇಂಜ್ ಅಮ್ಮ ಪ್ರತಿ ವರ್ಷ ಅದನ್ನು ಒಮ್ಮೆ ಒಯ್ಯುತ್ತಾರೆ. ಆ ಸಲ ಹೊಸ ಜೋಡಣೆಯದನ್ನು ಪುಟ್ಟ ಪ್ಲೇಯರಿಗೆ ಹಾಕಿ ಕೊಟ್ಟಿದ್ದೆ.

ಪ್ಲೇಯರನ್ನು ಕೌಂಟರ್ ಮೇಲಿಟ್ಟು, "ಇದರಲ್ಲಿ ಕೊನೇದು ಇಲ್ಲ" ಅಂದರು.

"ಇಲ್ಲದೆ ಏನಮ್ಮ, ಪೂರ್ತಿ ಇದೆ. ಕಂಪ್ಯೂಟರೇ ನೋಡಿ ಸರಿ ಅಂದಿದೆ."

"ಪುಸ್ತಕ ಪೂರ್ತಿ ಇದೆ. ಹಡಗು ದಡ ಸೇರ್ತು. ಆಮೇಲೆ ನಮ್ಮವರು ಮನೆಗೆ ಹೊರಡ್ತಾರಲ್ಲ, ಅದಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಪುಸ್ತಕ ಮುಗಿದ ಮೇಲೂ ಕ್ಯಾಸೆಟ್ ಸ್ವಲ್ಪ ಹೊತ್ತು ಓಡುತ್ತಿತ್ತು. ಅದರಲ್ಲಿ ಟೈಲರು ಗುಂಡಿ ಒತ್ತುವವಳಿಗೆ, ಅಂದರೆ ನನಗೆ, ಒಂದೆರಡು ಮಾತು ಹೇಳಿ ಏಳುತ್ತಾರೆ.

"ಬೇರೆ ಪುಸ್ತಕಗಳೂ ಇವೆಯಲ್ಲಮ್ಮ ಅವರು ಓದಿದ್ದು" ಅಂದೆ, ಏನೋ ಸಮಾಧಾನ ಹೇಳಬೇಕಲ್ಲ ಅಂತ.

"ಇವೆ. ಅದರಲ್ಲೆಲ್ಲ ದನಿ ಅವರದ್ದು, ಮಾತು ಪುಸ್ತಕದವರದ್ದು. ನಮ್ಮವರ ಸ್ವಂತ ಮಾತು ಅಂತ ಈ ಪ್ರಪಂಚದಲ್ಲಿ ಉಳಿದಿರೋದು ಅದೊಂದೇ." ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಹಳೇ ಕ್ಯಾಸೆಟ್ ಇದ್ದರೆ ಕೊಡಮ್ಮ. ಸಾಕು."

ಕ್ಯಾಸೆಟ್ ಎಲ್ಲಿಂದ ತರಲಿ. ಮೊದಮೊದಲು ಸರಿ ಅಂತ ಬಂದ ಪುಸ್ತಕಗಳಲ್ಲಿ ಅದೂ ಒಂದು, ನನ್ನ ಕೈಯಾರೆ ಗುಜರಿಗೆ ಹಾಕಿದ್ದೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ಮೇಷ್ಟ್ರ ಹತ್ತಿರ ಓಡಿದೆ. ಮೇಷ್ಟ್ರು ಕನ್ನಡಕ ತೆಗೆದು ನೆನಪು ಮಾಡಿಕೊಂಡರು. ಹೌದು, ಕೊನೆಯಲ್ಲಿ ಯಾರೋ ಮಾತಾಡುವ ತುಣುಕೊಂದಿತ್ತು, ಪುಸ್ತಕದಲ್ಲಿ ಇಲ್ಲದ್ದನ್ನು ಯಾವ ಅಧ್ಯಾಯಕ್ಕೆ ಸೇರಿಸಲಿ ಅಂತ ಬಿಟ್ಟೆ ಅಂದರು. ಅವರದ್ದೇನೂ ತಪ್ಪಿಲ್ಲ. ಆದರೆ ಒಂದು ತುಣುಕು ಕಡಿಮೆಯಾದರೆ ಪ್ರೋಗ್ರಾಂ ಹಿಡಿಯಬೇಕಿತ್ತಲ್ಲ.

ಅವತ್ತು ಲೈಬ್ರರಿಗೆ ಬಂದಿದ್ದ ಮೈದುನ ಮೇಲಿನ ಧ್ವನಿಮುದ್ರಣ ಕೋಣೆಯಲ್ಲಿ ಟೀ ಕುಡಿಯುತ್ತಿದ್ದ. ಹೇಳಿದೆ. ಅವನು ಲೋಟ ಕೆಳಗಿಟ್ಟ. ತನ್ನ ಪ್ರೋಗ್ರಾಮನ್ನು ತೆರೆದು ನೋಡುತ್ತಾ ಕೂತ. ತುಂಬ ಹೊತ್ತೇನೂ ಅಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ಅತ್ತಿಗೆ, ಅವತ್ತು ದ್ರಾಕ್ಷಿ ಕಿತ್ತೆವಲ್ಲ. ನನ್ನ ಗೊಂಚಲು ಮುಗಿದಾಗ ನಿಮ್ಮದೂ ಮುಗಿದಿತ್ತಾ?"

"ಇಲ್ಲ. ಒಂದು ಉಳಿದಿತ್ತು."

"ಏನು ಮಾಡಿದ್ರಿ?"

"ತಿಂದೆ."

"ಹೇಳಬಾರದಿತ್ತಾ?"

"ನೀನು ಕೇಳಲಿಲ್ಲವಲ್ಲ."

ಅವನು ಹಣೆಗೆ ಕೈ ಹಚ್ಚಿದ. "ಇದೂ ಕೇಳಿಲ್ಲ. ಎರಡರಲ್ಲಿ ಒಂದು ಮುಗಿದರೆ ನಿಲ್ಲು ಅಂತ ಬರೆದಿದ್ದೀನಿ. ಇನ್ನೊಂದೂ ಮುಗಿದಿದೆಯಾ ಅಂತ ಕೇಳೋದನ್ನೇ ಬಿಟ್ಟಿದ್ದೀನಿ. ಮಧ್ಯದಲ್ಲಿ ಬಿಟ್ಟುಹೋದರೆ ಹಿಡಿಯತ್ತೆ. ಬಾಲ ಬಿಟ್ಟುಹೋದರೆ ಗೊತ್ತೇ ಆಗಲ್ಲ." ಅವನ ಮುಖ ಅಷ್ಟು ಸಪ್ಪೆಯಾದದ್ದನ್ನು ನಾನು ಅವನ ಅಮ್ಮ ಹೋದಾಗ ನೋಡಿದ್ದೆ, ಅಷ್ಟೆ. ಬೈಯಬೇಕು ಅಂತ ಬಂದವಳು ಅದನ್ನು ಬಿಟ್ಟು ಕೇಳಿದೆ.

"ನಕಲು ಇದೆಯೇನೋ?"

"ಗೊತ್ತಿಲ್ಲ. ಹೊಸ ಪುಸ್ತಕ ಬಂದ ಹಾಗೆ ಅಳಿಸ್ತಾ ಬಂದಿರತ್ತೆ. ಎಲ್ಲಿವರೆಗೆ ಬಂದಿದೆ ಅಂತ ತೆಗೆದು ನೋಡೋವರೆಗೆ ಗೊತ್ತಾಗಲ್ಲ."

ತೆಗೆದ. ಅಳಿಸುವುದು ಮೊದಮೊದಲ ಪುಸ್ತಕಗಳಿಂದಲೇ ಶುರುವಾಗಿತ್ತು. ಒಂದು ಪುಸ್ತಕ ಪೂರ್ತಿ ಹೋಗಿತ್ತು, ಅದರ ಮುಂದಿನದೂ ಹೋಗಿತ್ತು. ಹಡಗಿನ ಕಾದಂಬರಿಯ ಹೆಸರಿತ್ತು. ಒತ್ತಿದ. ಮೊದಲನೇ ಕ್ಯಾಸೆಟ್ ಖಾಲಿ. ಎರಡನೆಯದು ಖಾಲಿ. ಅದರ ಮುಂದಿನದೂ ಖಾಲಿ. ನಾನು ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ಕೊನೆಯ ಕ್ಯಾಸೆಟ್‌ನ ಮೊದಲ ಮಗ್ಗುಲಲ್ಲಿ ನಾಲ್ಕಾರು ತುಣುಕು ಹೋಗಿ ಅಲ್ಲಿಗೆ ನಿಂತಿತ್ತು. ಅಲ್ಲಿಂದ ಮುಂದೆ ಎಲ್ಲ ಇತ್ತು. ಮುಂದಿನ ವಾರ ಒಂದು ಹೊಸ ಪುಸ್ತಕ ಸೇರಿಸುವುದಿತ್ತು, ಸೇರಿಸಿದ್ದರೆ ಇದೂ ಇರುತ್ತಿರಲಿಲ್ಲ.

ಕೊನೆಯ ಮಗ್ಗುಲಿನ ಕೊನೆಯ ತುಣುಕು ಒತ್ತಿದ. ಪುಸ್ತಕ ಮುಚ್ಚಿದ ಸದ್ದು. ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಟೈಲರ ದನಿ, ಓದುವಾಗಿನ ಗತ್ತು ಇಲ್ಲದೆ, ಸುಮ್ಮನೆ: "ಮುಗೀತಾಮ್ಮ? ಹಾಗಾದ್ರೆ ಹೊರಡ್ತೀನಿ. ಮನೇಲಿ ಕಾಯ್ತಿರ್ತಾಳೆ." ಕುರ್ಚಿ ಸರಿಯಿತು. "ಹೂಂ, ಹೊರಡಿ" ಅಂದಿತು ಒಂದು ಹೆಣ್ಣಿನ ದನಿ. ಯಾರದಿದು ಇಷ್ಟು ಎಳೆಯ ದನಿ ಅಂದುಕೊಂಡೆ. ನನ್ನದೇ. ನಿಲ್ಲಿಸುವ ಗುಂಡಿ ಒತ್ತುವುದರಲ್ಲಿ ನಾನು ಯಾವಾಗಲೂ ಒಂದು ಗಳಿಗೆ ಹಿಂದೆ, ಬೈಸಿಕೊಳ್ಳುತ್ತಲೇ ಇದ್ದೆ.

ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಮೈದುನನೂ ಕಣ್ಣೊರೆಸಿಕೊಂಡ. ಆಮೇಲೆ, ನಾನು ಏನೂ ಹೇಳದೆಯೇ, ಆ ತುಣುಕನ್ನು ಎತ್ತಿ ಹೊಸ ಜೋಡಣೆಗೆ ಸೇರಿಸಿ, ಇನ್ನೊಂದು ಕಡೆಯೂ ಒಂದು ನಕಲು ಇಟ್ಟು, ಅಳಿಸುವ ಏರ್ಪಾಡನ್ನು ನಿಲ್ಲಿಸಿ, ಪ್ರೋಗ್ರಾಮಿಗೆ ಎರಡೂ ಮುಗಿದಿವೆಯಾ ಎಂಬ ಪ್ರಶ್ನೆ ಸೇರಿಸಿದ. ಒಂದಕ್ಕೂ ಆಮೇಲೆ ಅನ್ನಲಿಲ್ಲ. ಟೀ ಆರಿ ಕೆನೆ ಕಟ್ಟಿತ್ತು.

ಉಳಿದ ನಕಲುಗಳ ಮೇಲೆ ಮತ್ತೆ ಓಡಿಸಿದಾಗ ಇನ್ನೂ ಎಷ್ಟೋ ಬಾಲಗಳು ಸಿಕ್ಕವು. ಒಬ್ಬರು ಆಕಳಿಸುತ್ತಾರೆ. ಒಬ್ಬರು ಛತ್ರಿ ಹುಡುಕುತ್ತಾರೆ. ಒಬ್ಬಾಕೆ ಈ ಕಥೆಯ ನಾಯಕನಿಗೆ ಬುದ್ಧಿಯೇ ಇಲ್ಲ ಅಂತ ನನ್ನ ಹತ್ತಿರ ದೂರು ಹೇಳುತ್ತಾರೆ. ಎಲ್ಲಕ್ಕೂ ಮೇಷ್ಟ್ರು ಪ್ರತಿ ಪುಸ್ತಕದ ತುದಿಯಲ್ಲಿ 'ಮುಗಿದ ಮೇಲೆ' ಅಂತ ಒಂದು ಕೊಂಬೆ ಮಾಡಿಕೊಟ್ಟರು. ಪೂರ್ತಿ ಅಳಿಸಿಹೋದ ಆ ಎರಡು ಪುಸ್ತಕಗಳ ಕೊನೆಯಲ್ಲಿ ಏನಿತ್ತೋ, ಅದು ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ.

ಆದರೆ ಆ ದಿನದ ಮಾತು ಮುಗಿಸುತ್ತೇನೆ. ಕೆಳಗೆ ಇಳಿದುಬಂದು ಎಕ್ಸ್‌ಚೇಂಜ್ ಅಮ್ಮನ ಕೈ ಹಿಡಿದು, ಸಿಕ್ಕಿತಮ್ಮ ಅಂದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಮೈದುನ ಪ್ಲೇಯರಿಗೆ ಆ ತುಣುಕು ಹಾಕಿ ತಂದುಕೊಟ್ಟು, ಕೊನೆಯ ತುಣುಕಿಗೆ ನೇರವಾಗಿ ಹೋಗುವ ಗುಂಡಿ ತೋರಿಸಲು ಹೋದ.

"ಇದನ್ನ ಒತ್ತಿದರೆ ಸಾಕು, ಈಗಲೇ ಕೇಳಬಹುದು. ಅಷ್ಟೂ ಕೇಳ್ತಾ ಕೂರಬೇಕಾಗಿಲ್ಲ."

"ಬೇಡಪ್ಪ. ಅಷ್ಟೂ ಓದಿ ಮುಗಿಸಿದ ಮೇಲೆ ತಾನೇ ಅವರು ಮನೆಗೆ ಹೊರಡೋದು" ಅಂದರು ಅವರು. ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡು, ಕೋಲು ತಡವಿಕೊಂಡು, ಮೆಟ್ಟಿಲಿಳಿದು ಹೋದರು.

ಅದಾಗಿ ಕೆಲವು ದಿನಗಳ ಮೇಲೆ, ಬೆಳಗ್ಗೆ ನಮ್ಮ ಮನೆಯ ಫೋನ್ ಹೊಡೆದುಕೊಂಡಿತು. ಎತ್ತಿದೆ. ಎಕ್ಸ್‌ಚೇಂಜ್ ಅಮ್ಮ. ಆಪರೇಟರ್ ದನಿ ಅಂದರೆ ಆಪರೇಟರ್ ದನಿ, ಒಂದು ಮಾತು ಹೆಚ್ಚಿಲ್ಲ.

"ನಮ್ಮವರು ಮನೆಗೆ ಬಂದ್ರಮ್ಮ" ಅಂದರು. ಇಟ್ಟುಬಿಟ್ಟರು.

ಮೈದುನ ಮಹಡಿಯ ಮೆಟ್ಟಿಲ ಮೇಲೆ ಬಂದು ನಿಂತಿದ್ದ, ಒಂದು ಕೆನ್ನೆಗೆ ನೊರೆ. ಯಾರದು ಫೋನು ಅಂದ. ಹೇಳಿದೆ. ಅವನು ಸರಿ ಅಂತ ತಲೆಯಾಡಿಸಿ, ಇನ್ನೊಂದು ಕೆನ್ನೆ ಮುಗಿಸಲು ಮೇಲೆ ಹೋದ.